ಅಧ್ಯಕ್ಷರಿಲ್ಲದ ಸಭೆಗೆ ಒಂದು ಕೋಣೆ ಬೇಕು

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ಇದೇ ಅಂಕಣದಲ್ಲಿ ಹಿರಿಯ ಓದುಗರೊಬ್ಬರು, ನಮ್ಮ ಕಲ್ಯಾಣ ಕರ್ನಾಟಕದ ಹೊಸ ತಲೆಮಾರು ಕನ್ನಡದಲ್ಲಿ ಬರೆಯುವುದನ್ನೇ ಬಿಟ್ಟುಬಿಟ್ಟಿದೆ ಎಂದು ನೊಂದು ಬರೆದಿದ್ದರು. ಅವರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೊಟ್ಟೆಪಾಡಿಗೆ ಕಲಬುರಗಿಯ ಬ್ಯಾಂಕೊಂದರಲ್ಲಿ ಲೆಕ್ಕ ಬರೆಯುತ್ತ, ರಾತ್ರಿ ಊಟವಾದ ಮೇಲೆ 2007ರಿಂದ ಕನ್ನಡದಲ್ಲಿ ಬ್ಲಾಗ್ ಬರೆದುಕೊಂಡು ಬಂದಿರುವ ನನಗೆ ಕಂಡಿರುವುದು ಬೇರೆ. ಚಿಂಚೋಳಿ, ಸೇಡಂ, ಆಳಂದ, ಸುರಪುರ, ಶಹಾಪುರ, ಔರಾದ್ ಎಲ್ಲ ಕಡೆ ಬರೆಯುವವರಿದ್ದಾರೆ. ತೊಗರಿಯ ರೋಗದ ಬಗ್ಗೆ, ಊರ ಮುಂದಿನ ವೀರಗಲ್ಲಿನ ಬಗ್ಗೆ, ಅಜ್ಜಿ ಹೇಳುತ್ತಿದ್ದ ಬೀಸುವ ಪದಗಳ ಬಗ್ಗೆ, ಮುಂಬೈಗೆ ದುಡಿಯಲು ಹೋದ ಅಣ್ಣನ ಬಗ್ಗೆ ಬರೆಯುತ್ತಿದ್ದಾರೆ. ಆದರೆ ಇವರು ಒಬ್ಬರನ್ನೊಬ್ಬರು ಕಂಡಿಲ್ಲ, ಊರಿನವರು ಇವರನ್ನು ಕಂಡಿಲ್ಲ. ಇವರೆಲ್ಲ ಒಂದು ದಿನ ಕೂಡಿ ಕೂರಲು ಇಷ್ಟು ದೊಡ್ಡ ಊರಿನಲ್ಲಿ ಒಂದು ಕೋಣೆ ಸಿಗುವುದಿಲ್ಲ ಎಂಬುದನ್ನು ಹೇಳುವುದಕ್ಕಾಗಿ ಈ ಪತ್ರ.

2020ರ ಫೆಬ್ರವರಿ 5ರಿಂದ 7ರವರೆಗೆ ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದು ಓದುಗರಿಗೆ ನೆನಪಿರಬಹುದು. ಎಚ್.ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರಾಗಿದ್ದರು. ಮೂರೂ ದಿನ ರಜೆ ಹಾಕಿ ಹೋಗಿದ್ದೆ. ಗೋಷ್ಠಿಗಳಲ್ಲಿ ಕೇಳಿದ್ದರಲ್ಲಿ ಎಷ್ಟು ನೆನಪಿದೆ ಎಂದು ಯಾರಾದರೂ ಕೇಳಿದರೆ ಸಂಕೋಚವಾದೀತು. ಊಟದ ಸಾಲು ಮಾತ್ರ ನಿನ್ನೆ ನಡೆದಂತೆ ನೆನಪಿದೆ. ತಟ್ಟೆ ಹಿಡಿದು ಬಿಸಿಲಿನಲ್ಲಿ ನಿಂತಿದ್ದಾಗ ಹಿಂದೆ ಇದ್ದವರು ಚಿತ್ತಾಪುರ ಕಡೆಯ, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಗಣಿಗಳ ವಿಷಯ ತೆಗೆದರು. ಅವರ ಮಾತಿನ ವರಸೆ ಎಲ್ಲೋ ಕೇಳಿದಂತಿದೆ ಎನಿಸಿ ವಿಚಾರಿಸಿದರೆ, ಆರು ವರ್ಷದಿಂದ ನಾನು ತಪ್ಪದೆ ಓದುತ್ತಿದ್ದ ಬ್ಲಾಗು ಅವರದೇ. ಅವರೂ ನನ್ನದನ್ನು ಓದುತ್ತಿದ್ದರಂತೆ. ಇಬ್ಬರೂ ಇದೇ ಜಿಲ್ಲೆಯವರು, ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಹೋಳಿಗೆ ಬಡಿಸುವ ಜಾಗಕ್ಕೆ ಬರುವಷ್ಟರಲ್ಲಿ ನಮ್ಮ ಜೊತೆ ಇನ್ನೂ ಮೂವರು ಸೇರಿದ್ದರು. ಆ ಮಧ್ಯಾಹ್ನದ ಗೋಷ್ಠಿಗೆ ನಾವು ಯಾರೂ ಹೋಗಲಿಲ್ಲ.

ಇದು ನಮ್ಮೊಬ್ಬರ ಅನುಭವವಲ್ಲವೆಂಬುದು ಆಮೇಲೆ ಓದಿ ತಿಳಿಯಿತು. ಅಮೆರಿಕದ ಹ್ಯಾರಿಸನ್ ಓವೆನ್ ಎಂಬುವರು 1983ರಲ್ಲಿ 250 ಜನರ ಅಂತರರಾಷ್ಟ್ರೀಯ ಸಮ್ಮೇಳನವೊಂದನ್ನು ಒಂದು ವರ್ಷ ಮೈಮುರಿದು ಸಂಘಟಿಸಿದರು. ಎಲ್ಲ ಮುಗಿದ ಮೇಲೆ ಬಂದವರು, ಅವರೂ ಸೇರಿ, ಒಪ್ಪಿಕೊಂಡ ಸಂಗತಿಯೆಂದರೆ, ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಕಾಫಿ ವಿರಾಮ. ಹಾಗಾದರೆ ವಿರಾಮವನ್ನೇ ಸಮ್ಮೇಳನ ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು. ಹಿಂದೆ ಛಾಯಾಗ್ರಾಹಕರಾಗಿ ಪಶ್ಚಿಮ ಆಫ್ರಿಕದ ಲೈಬೀರಿಯಾದ ಹಳ್ಳಿಯೊಂದರಲ್ಲಿದ್ದಾಗ ಯಾವ ಸಮಿತಿಯೂ ಇಲ್ಲದೆ ನಾಲ್ಕು ದಿನದ ಹಬ್ಬ ಸಾಂಗವಾಗಿ ನಡೆದದ್ದನ್ನು ಅವರು ಕಂಡಿದ್ದರು. ಊರ ನಡುವಿನ ಬಯಲು ಅಲ್ಲಿ ದುಂಡಗಿತ್ತು. ಆ ದುಂಡು ಬಯಲನ್ನು ನೆನಪಿಟ್ಟುಕೊಂಡು 1985ರಲ್ಲಿ ಅವರು ಕಾರ್ಯಸೂಚಿಯೇ ಇಲ್ಲದ ಸಭೆಯೊಂದನ್ನು ನಡೆಸಿದರು. ಕುರ್ಚಿಗಳು ವೃತ್ತಾಕಾರದಲ್ಲಿ, ಮಾತಾಡಬೇಕೆನ್ನುವವರು ಒಂದು ಹಾಳೆಯಲ್ಲಿ ವಿಷಯ ಬರೆದು ಗೋಡೆಗೆ ಅಂಟಿಸಬೇಕು, ಬೇಕಾದವರು ಬೇಕಾದ ಕಡೆ ಹೋಗಿ ಕೂರಬೇಕು. ಇಂಥ ಸಭೆಗೆ ಅವರು ಕೊಟ್ಟ ಮುಖ್ಯ ನಿಯಮದ ಹೆಸರು ಎರಡು ಕಾಲುಗಳ ನಿಯಮ. ಎಲ್ಲಿ ನಮಗೆ ಪಡೆಯಲೂ ಏನಿಲ್ಲ, ಕೊಡಲೂ ಏನಿಲ್ಲವೋ ಅಲ್ಲಿಂದ ಎದ್ದು ನಡೆಯಲು ದೇವರು ಎರಡು ಕಾಲು ಕೊಟ್ಟಿದ್ದಾನೆ ಎಂಬುದು ಅದರ ತಾತ್ಪರ್ಯ.

ಇಪ್ಪತ್ತು ವರ್ಷದ ನಂತರ ಗಣಕಯಂತ್ರದವರು ಇದನ್ನೇ ಹಿಡಿದುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಪ್ರಕಾಶನ ಸಂಸ್ಥೆಯೊಂದು ಆಹ್ವಾನಿತರಿಗೆ ಮಾತ್ರ ನಡೆಸುತ್ತಿದ್ದ ಫೂ ಕ್ಯಾಂಪ್ ಎಂಬ ಕೂಟಕ್ಕೆ ಕರೆ ಬಾರದವರೂ ಅವರ ಗೆಳೆಯರೂ ಸೇರಿ, ಒಂದು ವಾರಕ್ಕಿಂತ ಕಡಿಮೆ ಅವಧಿಯಲ್ಲಿ ಸಿದ್ಧತೆ ಮಾಡಿ, 2005ರ ಆಗಸ್ಟ್‌ನಲ್ಲಿ ಪಾಲೊ ಆಲ್ಟೊ ನಗರದಲ್ಲಿ ಯಾರು ಬೇಕಾದರೂ ಬರಬಹುದಾದ ಬಾರ್‌ಕ್ಯಾಂಪ್ ನಡೆಸಿದರು. ಆ ಮಾದರಿ 2006ರಲ್ಲಿ ದೆಹಲಿ, ಚೆನ್ನೈ, ಬೆಂಗಳೂರುಗಳಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 9 ಮತ್ತು 10ರಂದು ಚೆನ್ನೈನ ಟೈಡಲ್ ಪಾರ್ಕಿನಲ್ಲಿ ಬ್ಲಾಗಿಗರದೇ ಆದ ಬ್ಲಾಗ್‌ಕ್ಯಾಂಪ್ ಕೂಡ ನಡೆಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ, ಕನ್ನಡಿಗರು ಬರೆಯುವ ಸಂಪದ ಎಂಬ ಅಂತರಜಾಲ ತಾಣ 2005ರಲ್ಲಿ ಶುರುವಾಗಿದ್ದವು. ಅಂಥ ಕಡೆ ಪರಿಚಯವಾದವರು ಬೆಂಗಳೂರಿನಲ್ಲಾದರೆ ಭಾನುವಾರ ಯಾವುದಾದರೂ ಹೋಟೆಲಿನಲ್ಲಿ ಸೇರುತ್ತಿದ್ದರು. ಕಲಬುರಗಿಯಿಂದ ಅಲ್ಲಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಸೋಮವಾರ ಬೆಳಿಗ್ಗೆ ಕೌಂಟರಿನಲ್ಲಿ ಕೂರಬೇಕಾದವನಿಗೆ ಅದು ಆಗದ ಮಾತು.

ಹಾಗಾಗಿ ಕಳೆದ ಚಳಿಗಾಲದಲ್ಲಿ ಊಟದ ಸಾಲಿನ ಗೆಳೆಯರೇ ಸೇರಿ ಇಲ್ಲಿಯೇ ಒಂದು ಕೂಟ ಮಾಡೋಣವೆಂದುಕೊಂಡೆವು. ಸಾರ್ವಜನಿಕ ಸಭಾಂಗಣವೊಂದರ ಚಿಕ್ಕ ಕೋಣೆಗಾಗಿ ಅರ್ಜಿ ಹಾಕಲು ಹೋದೆವು. ಅರ್ಜಿಯ ನಮೂನೆಯಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ ಎಂಬ ಅಂಕಣಗಳಿದ್ದವು. ಆಮಂತ್ರಣ ಪತ್ರಿಕೆಯ ಮುದ್ರಿತ ಪ್ರತಿ ಲಗತ್ತಿಸಬೇಕಿತ್ತು. ನಾವು ಎಲ್ಲ ಕಡೆ ಅಡ್ಡಗೆರೆ ಎಳೆದು ಕೊಟ್ಟೆವು. ಮೇಜಿನ ಹಿಂದಿದ್ದವರು ಕನ್ನಡಕ ಸರಿಮಾಡಿಕೊಂಡು, "ಅಧ್ಯಕ್ಷರು ಯಾರ್ರಿ?" ಎಂದರು. "ಯಾರೂ ಇಲ್ರಿ." "ಮಾತಾಡೋರು?" "ಬಂದೋರು." ಸ್ವಲ್ಪ ಹೊತ್ತು ಅರ್ಜಿಯನ್ನೇ ನೋಡಿ ಅವರು, "ಯಾರೂ ಇಲ್ಲಂದ್ರ, ನಾಳಿ ಗಲಾಟಿ ಆದ್ರ ನಾ ಯಾರನ್ನ ಹಿಡೀಬೇಕ್ರಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆಯ ತಪ್ಪೂ ಇತ್ತು. ಇಂಥ ಕಾರ್ಯಸೂಚಿಯಿಲ್ಲದ ಸಭೆಗೆ ಇಂಗ್ಲಿಷಿನಲ್ಲಿರುವ ಅನ್‌ಕಾನ್ಫರೆನ್ಸ್ ಎಂಬ ಹೆಸರನ್ನು ಕನ್ನಡಕ್ಕೆ ತರುವ ಹುಮ್ಮಸ್ಸಿನಲ್ಲಿ ಕಾರ್ಯಕ್ರಮದ ಹೆಸರಿನ ಮುಂದೆ 'ಅಸಮ್ಮೇಳನ' ಎಂದು ಬರೆದಿದ್ದೆವು. ಅವರು ಅದನ್ನು ಯಾವುದೋ ಸಮ್ಮೇಳನದ ವಿರುದ್ಧದ ಪ್ರತಿಭಟನೆಯೆಂದು ತಿಳಿದು, ಮೊದಲು ಪೊಲೀಸರ ಅನುಮತಿ ತನ್ನಿ ಎಂದು ಕಳಿಸಿದರು. ನಾಲ್ಕು ಬಾರಿ ಅಲೆದ ಮೇಲೆ ಬಿಟ್ಟುಬಿಟ್ಟೆವು. ಈಗ ನಾವು ಅದನ್ನು ಬರೀ ಕೂಟ ಎನ್ನುತ್ತೇವೆ.

ಕೂಟ ಕೊನೆಗೆ ನಡೆದದ್ದು ಪಬ್ಲಿಕ್ ಗಾರ್ಡನ್ನಿನ ಬೇವಿನ ಗಿಡದ ಕೆಳಗೆ. ತಾರೀಖು ಗೊತ್ತುಮಾಡುವುದೇ ಒಂದು ಪಂಚಾಯಿತಿಯಾಗಿತ್ತು: ಮಾರ್ಚ್ ದಾಟಿದರೆ ನಮ್ಮ ಊರಿನಲ್ಲಿ ಹಗಲು ಹೊರಗೆ ಕೂರುವಂತಿಲ್ಲ, ಡಿಸೆಂಬರಿನಿಂದ ತೊಗರಿ ಕೊಯ್ಲು, ರಾಶಿ, ಹಳ್ಳಿಯ ಕಡೆಯವರು ರಾಶಿ ಮುಗಿಯುವವರೆಗೆ ಬರುವುದಿಲ್ಲ. ಹೀಗೆ ಉಳಿದದ್ದು ಫೆಬ್ರವರಿಯ ಎರಡು ಭಾನುವಾರ. ಹತ್ತು ಜನ ಬಂದರೆ ಸಾಕೆಂದುಕೊಂಡಿದ್ದೆವು. ಬಂದವರು ಇಪ್ಪತ್ತಮೂರು ಜನ. ರಟ್ಟಿನ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಮನೆಗಳನ್ನು ಬರೆದು, ಎಡಕ್ಕೆ ಗಂಟೆ, ಮೇಲೆ ಜಾಗ ಹಾಕಿದ್ದೆವು. ಜಾಗಗಳೆಂದರೆ ಬೇವಿನ ಗಿಡ, ಕಲ್ಲಿನ ಬೆಂಚು, ಗೋಡೆಯ ನೆರಳು, ಅಷ್ಟೇ. ಮೊದಲ ಹತ್ತು ನಿಮಿಷ ಯಾರೂ ಚೀಟಿ ಮುಟ್ಟಲಿಲ್ಲ. ಎಲ್ಲರೂ ಯಾರೋ ಒಬ್ಬರು ಎದ್ದು ಸ್ವಾಗತ ಕೋರುತ್ತಾರೆಂದು ಕಾಯುತ್ತಿದ್ದರು. ಕೊನೆಗೆ ಚಿಂಚೋಳಿ ಕಡೆಯ ರೈತರೊಬ್ಬರು ಎದ್ದು ಚೀಟಿಯಲ್ಲಿ 'ನೆಟೆ ರೋಗ' ಎಂದು ಬರೆದು ಹನ್ನೊಂದು ಗಂಟೆಯ ಮನೆಯಲ್ಲಿ ಅಂಟಿಸಿದರು. ಅಲ್ಲಿಂದ ಅರ್ಧ ಗಂಟೆಯಲ್ಲಿ ಹಲಗೆ ತುಂಬಿತು.

ತೊಗರಿ ಗಿಡವನ್ನು ಒಣಗಿಸುವ ಈ ನೆಟೆ ರೋಗದ ಮಾತಿಗೆ ನಾನು ಆರಂಭದಲ್ಲಿ ಕುಳಿತಿದ್ದೆ. ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಹೊಲದಲ್ಲಿ ಮತ್ತೆ ಮತ್ತೆ ತೊಗರಿ ಹಾಕಬಾರದು, ನಡುವೆ ಜೋಳ ತಿರುಗಿಸಬೇಕು ಎಂಬುದನ್ನು ಆ ರೈತರು ತಮ್ಮ ಮೂರು ಎಕರೆಯ ಫೋಟೊಗಳನ್ನು ತೋರಿಸುತ್ತ ಹೇಳಿದರು. ಪುಸ್ತಕದಲ್ಲೂ ಹಾಗೆಯೇ ಇದೆ. ಆದರೆ ಜೋಳಕ್ಕೆ ಬೆಲೆ ಇಲ್ಲದ ವರ್ಷ ಯಾರು ತಿರುಗಿಸುತ್ತಾರೆ ಎಂದು ಪಕ್ಕದವರು ಕೇಳಿದ್ದು, ಅದಕ್ಕೆ ಇವರು ಮಾತು ನಿಲ್ಲಿಸಿ ಯೋಚಿಸಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಅವರು ಆಮೇಲೆ ಬರೆದ ಲೇಖನ ಶುರುವಾಗುವುದೇ ಆ ಪ್ರಶ್ನೆಯಿಂದ.

ಕಲ್ಲಿನ ಬೆಂಚಿನ ಮೇಲೆ ಡಿಟಿಪಿ ಅಂಗಡಿಯ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ನಮ್ಮ ಭಾಗದಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಕವನ ಸಂಕಲನದವರೆಗೆ ಇಂದಿಗೂ ಹೆಚ್ಚಿನದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿಯೇ ಬೆರಳಚ್ಚಾಗುತ್ತದೆ. ಅದನ್ನು ಹಾಗೆಯೇ ಬ್ಲಾಗಿಗೆ ಹಾಕಿದರೆ ಓದಲು ಬರುವುದಿಲ್ಲ, ಎಲ್ಲ ಗಣಕಗಳಿಗೂ ತಿಳಿಯುವ ಯೂನಿಕೋಡ್ ಎಂಬ ಅಕ್ಷರಸಂಕೇತಕ್ಕೆ ತಿರುಗಿಸಬೇಕು. ತಿರುಗಿಸಿದಾಗ ಅರ್ಕಾವೊತ್ತು ಯಾಕೆ ದಾರಿ ತಪ್ಪುತ್ತದೆ ಎಂಬುದನ್ನು ಅವನು ವಿವರಿಸಿದ ಬಗೆ ಸೊಗಸಾಗಿತ್ತು. 'ಧರ್ಮ' ಎಂಬ ಪದದಲ್ಲಿ ಹಳೆಯ ಶೈಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ, ಧ, ಮ, ಕೊನೆಗೆ ಅರ್ಕಾವೊತ್ತು ಎಂದು ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಬಾಯಿ ಆಡುವ ಕ್ರಮದಲ್ಲಿ ರಕಾರವನ್ನು ಮಕಾರದ ಮೊದಲೇ ಇಡುತ್ತದೆ. "ಅದು ಕಣ್ಣಿನ ಮಾತ್ ಕೇಳ್ತದ, ಇದು ಕಿವೀ ಮಾತ್ ಕೇಳ್ತದ್ರಿ" ಎಂದ. ಎರಡು ಸಂಕಲನಗಳ ಹಸ್ತಪ್ರತಿಯನ್ನು ಹತ್ತು ವರ್ಷದಿಂದ ಸಿ.ಡಿ.ಯಲ್ಲಿಟ್ಟುಕೊಂಡು ಅಲೆಯುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರು ಅವನ ಎದುರಿನಿಂದ ಮಧ್ಯಾಹ್ನದವರೆಗೆ ಏಳಲಿಲ್ಲ.

ಆದರೆ ಆ ದಿನದ ಪೈಕಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಗೋಡೆಯ ನೆರಳಿನಲ್ಲಿ ನಡೆದದ್ದು. ಆಳಂದ ತಾಲ್ಲೂಕಿನ ತರುಣನೊಬ್ಬ ತನ್ನ ಹಳ್ಳಿಯ ಚರಿತ್ರೆಯನ್ನು ಕಂತುಕಂತಾಗಿ ಬರೆಯುತ್ತಿದ್ದಾನೆ. ಮುತ್ತಜ್ಜನ ಕಾಲದ ಜಮೀನಿನ ಕಾಗದವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚದಂತೆ ತಂದಿದ್ದ. ನಿಜಾಮರ ಆಳ್ವಿಕೆಯ ಕಾಲದ್ದಾದ್ದರಿಂದ ಅದು ಉರ್ದುವಿನಲ್ಲಿತ್ತು. ಅವನ ಮನೆಯಲ್ಲಿ ಅದನ್ನು ಓದಬಲ್ಲವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಬಂದೇ ನವಾಜ್ ದರ್ಗಾದ ಓಣಿಯ ಹಿರಿಯರೊಬ್ಬರು, ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಆಡು ಉರ್ದುವಿನಲ್ಲಿ, ಹಾಸ್ಯ ಬರೆಯುವ ಮೊಮ್ಮಗಳ ಜೊತೆಗೆ ಸುಮ್ಮನೆ ಬಂದು ಕುಳಿತಿದ್ದರು. ಅವರು ಕಾಗದವನ್ನು ಬೆಳಕಿಗೆ ಹಿಡಿದು ಸಾಲುಸಾಲಾಗಿ ಓದಿ, ಕನ್ನಡದಲ್ಲಿ ಹೇಳುತ್ತ ಹೋದರು. ಹುಡುಗ ಬರೆದುಕೊಳ್ಳುತ್ತ ಹೋದ. ಚೆಕ್ಕುಬಂದಿಯಲ್ಲಿ ಒಂದು ಬಾವಿಯ ಹೆಸರು ಬಂದಾಗ ಅವನು ಪೆನ್ನು ನಿಲ್ಲಿಸಿ, "ಆ ಬಾವಿ ಈಗಿಲ್ರಿ, ಅದರ ಮ್ಯಾಲ ನಮ್ಮ ಸಾಲಿ ಕಟ್ಯಾರ" ಎಂದ. ಮೊಮ್ಮಗಳಿಗೆ ಉರ್ದು ಲಿಪಿ ಬರುವುದಿಲ್ಲ. ಅವಳು ತನ್ನ ದಖನಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾಳೆ. ಅಜ್ಜ ಓದಿದ ಲಿಪಿ ಅವಳಿಗೆ ತಿಳಿಯದು, ಮೊಮ್ಮಗಳು ಬರೆದ ಲಿಪಿ ಅವರಿಗೆ ಸರಾಗವಲ್ಲ. ಆದರೆ ಇಬ್ಬರೂ ಆಡುವುದು ಒಂದೇ ಮಾತು. ಇವರನ್ನು ಯಾವ ಗೋಷ್ಠಿಗೆ ಯಾರು, ಯಾವ ವಿಭಾಗದಲ್ಲಿ ಆಹ್ವಾನಿಸುತ್ತಿದ್ದರು? ಕನ್ನಡ ಗೋಷ್ಠಿಯಲ್ಲಿ ಉರ್ದುವಿನವರೆಂದು, ಉರ್ದು ಮುಶಾಯಿರಾದಲ್ಲಿ ಕನ್ನಡ ಲಿಪಿಯವರೆಂದು ಅವರು ಹೊರಗೇ ಉಳಿಯುತ್ತಿದ್ದರು.

ಭಾಷೆಯ ಜಗಳವೂ ಆಯಿತೆನ್ನಿ. ಆಡಿದಂತೆ ಬರೆಯುವುದಾದರೆ 'ಹೋಗ್ಲಾಕತ್ತೀನಿ' ಎನ್ನಬೇಕೋ ಬೀದರ್ ಕಡೆಯವರಂತೆ 'ಹೋಗಲತ್ತೀನಿ' ಎನ್ನಬೇಕೋ ಎಂದು ಊಟದ ಡಬ್ಬಿ ಬಿಚ್ಚುವವರೆಗೂ ವಾದಿಸಿದರು. ತೀರ್ಪು ಕೊಡಲು ಅಧ್ಯಕ್ಷರಿಲ್ಲದ್ದರಿಂದ ಅದು ಬಗೆಹರಿಯಲಿಲ್ಲ.

ಈ ಮಾದರಿಯನ್ನು ಹೊಗಳುವುದಷ್ಟೇ ನನ್ನ ಉದ್ದೇಶವೆಂದು ಓದುಗರು ತಿಳಿಯಬಾರದು. ಎರಡು ಕಾಲುಗಳ ನಿಯಮ ನಮ್ಮಲ್ಲಿ ಸುಲಭವಾಗಿ ನಡೆಯುವುದಿಲ್ಲ. ಒಬ್ಬರು ಮಾತಾಡುವಾಗ ಎದ್ದು ಹೋಗುವುದು ನಮ್ಮಲ್ಲಿ ಅವಮಾನ. ಹಾಗಾಗಿ ಬೇಸರವಾದರೂ ಕುಳಿತೇ ಇದ್ದವರು ಬಹಳ. ದೊಡ್ಡ ಗಂಟಲಿನವರು ಒಬ್ಬರೇ ಎರಡು ಮನೆಗಳಲ್ಲಿ ಚೀಟಿ ಅಂಟಿಸಿದರು. ಅಂಥವರಲ್ಲಿ ನಾನೂ ಒಬ್ಬ. ಇಪ್ಪತ್ತಮೂರು ಜನರಲ್ಲಿ ಹೆಣ್ಣುಮಕ್ಕಳು ನಾಲ್ವರೇ, ಅವರಲ್ಲಿ ಇಬ್ಬರು ಕೊನೆಯ ಬಸ್ಸಿಗಾಗಿ ಮೂರು ಗಂಟೆಗೇ ಹೊರಟರು, ಯಾದಗಿರಿ ಕಡೆಯ ಒಬ್ಬಾಕೆಯ ಚೀಟಿ ಮೂರೂವರೆಯ ಮನೆಯಲ್ಲಿ ಹಾಗೆಯೇ ಉಳಿಯಿತು. ಗಾರ್ಡನ್ನಿನಲ್ಲಿ ಶೌಚಾಲಯದ ವ್ಯವಸ್ಥೆ ಹೇಗಿತ್ತೆಂಬುದನ್ನು ಇಲ್ಲಿ ಬರೆಯುವುದು ಬೇಡ. ಕೋಣೆ ಯಾಕೆ ಬೇಕೆಂಬುದಕ್ಕೆ ಅದೊಂದೇ ಕಾರಣ ಸಾಕಾಗಿತ್ತು.

ಬಸವಕಲ್ಯಾಣವನ್ನು ಮಗ್ಗುಲಿಗೆ ಇಟ್ಟುಕೊಂಡವರು ಇಂಥ ಪ್ರಸಂಗದಲ್ಲಿ ಅನುಭವ ಮಂಟಪವನ್ನು ನೆನೆಯದೆ ಇರುವುದು ಕಷ್ಟ. ಗೆಳೆಯರೊಬ್ಬರು ನೆನೆದೂ ನೆನೆದರು. ನನಗೆ ಆ ಹೋಲಿಕೆ ಸರಿಬೀಳಲಿಲ್ಲ. ಮಂಟಪದಲ್ಲಿ ಶೂನ್ಯ ಸಿಂಹಾಸನವಿತ್ತು, ಅದರ ಮೇಲೆ ಅಲ್ಲಮಪ್ರಭುಗಳಿದ್ದರು, ಬಂದವರು ಪರೀಕ್ಷೆಗೆ ಒಳಗಾಗುತ್ತಿದ್ದರು ಎಂದು ಪರಂಪರೆ ಹೇಳುತ್ತದೆ. ನಮ್ಮದು ಅಷ್ಟು ದೊಡ್ಡದಲ್ಲ. ಅಗಸಿಕಟ್ಟೆಯ ಮೇಲೆ ಸಂಜೆ ಕೂರುವವರ ಸಂಪ್ರದಾಯಕ್ಕೆ ಅದನ್ನು ಸೇರಿಸಿದರೆ ಸಾಕು, ಆದರೆ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂರುವಂತಿರಲಿಲ್ಲ ಎಂಬುದನ್ನು ಮರೆಯದೆ.

ಇವೆಲ್ಲ ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ನಡೆಯುತ್ತದಲ್ಲ, ಬ್ಲಾಗ್ ಯಾಕೆ, ಕೂಟ ಯಾಕೆ ಎಂದು ಕೇಳುವವರಿದ್ದಾರೆ. ಗುಂಪಿನಲ್ಲಿ ನಿನ್ನೆ ಬರೆದದ್ದು ನಾಳೆಗೆ ಸಿಗುವುದಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಎರಡರಲ್ಲೂ ನಮ್ಮ ಕಡೆಯ ಹಬ್ಬ, ಹಾಡು, ಗಾದೆಗಳ ಬಗ್ಗೆ ಗೆಳೆಯರು ಬರೆದದ್ದರಲ್ಲಿ ಉಳಿಸಿಕೊಂಡದ್ದು ಸ್ವಲ್ಪ, ಹೋದದ್ದು ಹೆಚ್ಚು. ಸ್ವಂತ ಪುಟ ಇಟ್ಟುಕೊಳ್ಳುವುದು, ಅದರ ಪ್ರತಿ ತೆಗೆದಿಡುವುದು ಹೇಗೆಂದು ಹೊಸಬರಿಗೆ ತೋರಿಸಲು ಪಕ್ಕದಲ್ಲಿ ಕುಳಿತವರು ಬೇಕು, ಮತ್ತು ಪಕ್ಕದಲ್ಲಿ ಕೂರಲು ಜಾಗ ಬೇಕು.

ಜಾಗ ಇಲ್ಲವೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಪಟ್ಟಣದ ಪ್ರತಿಯೊಬ್ಬ ಮನೆ ಮಾಲೀಕರೂ ಆಸ್ತಿ ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಗ್ರಂಥಾಲಯಗಳಿವೆ, ಭಾನುವಾರ ಬೀಗ ಬೀಳುವ ಕಾಲೇಜುಗಳ ತರಗತಿಗಳಿವೆ, ಭವನಗಳಿವೆ. ಕೇಳುತ್ತಿರುವುದು ವರ್ಷದಲ್ಲಿ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಮೂವತ್ತು ಜನ ಕೂರುವ ಒಂದು ಕೋಣೆ, ಒಂದು ಗೋಡೆ, ಕುಡಿಯುವ ನೀರು, ಶೌಚಾಲಯ. ಧ್ವನಿವರ್ಧಕ ಬೇಡ, ಶಾಲು ಬೇಡ, ಹಾರ ಬೇಡ, ಅನುದಾನವಂತೂ ಬೇಡವೇ ಬೇಡ. ಕಳೆದ ಸಲ ನಮಗೆ ಆದ ಖರ್ಚು ಚೀಟಿ, ಅಂಟು, ಚಹಾ, ಮಿರ್ಚಿ ಭಜಿ ಎಲ್ಲ ಸೇರಿ 1,460 ರೂಪಾಯಿ, ಅದರಲ್ಲಿ ಭಜಿಯದೇ ಹೆಚ್ಚು. ಗಲಾಟೆಯಾದರೆ ಹಿಡಿಯಲು ಒಬ್ಬರ ಹೆಸರು ಬೇಕೆಂದರೆ ನನ್ನ ಹೆಸರು ಬರೆದುಕೊಳ್ಳಲಿ. ಅರ್ಜಿಯ ನಮೂನೆಯಲ್ಲಿ ಅಧ್ಯಕ್ಷತೆ ಎಂಬ ಅಂಕಣದ ಪಕ್ಕದಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆಯಲು ಬಿಟ್ಟರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಹೊಸಬರು ಬರೆಯುವುದಿಲ್ಲವೆಂದು ನೊಂದುಕೊಂಡ ಆ ಹಿರಿಯ ಓದುಗರಿಗೆ ಒಂದು ಬಿನ್ನಹ. ಈ ವರ್ಷವೂ ರಾಶಿ ಮುಗಿದ ಮೇಲೆ, ಫೆಬ್ರವರಿಯ ಎರಡನೆಯ ಭಾನುವಾರ ನಾವು ಸೇರುತ್ತೇವೆ. ಕೋಣೆ ಸಿಕ್ಕರೆ ಕೋಣೆಯಲ್ಲಿ, ಇಲ್ಲವಾದರೆ ಅದೇ ಬೇವಿನ ಗಿಡದ ಕೆಳಗೆ. ಯಾದಗಿರಿಯ ತಂಗಿಯ ಚೀಟಿಯನ್ನು ಎತ್ತಿಟ್ಟಿದ್ದೇನೆ. ಅದು ಈ ಸಲ ಬೆಳಿಗ್ಗೆ ಹತ್ತರ ಮನೆಯಲ್ಲಿರುತ್ತದೆ. ತಾವೂ ಬನ್ನಿ. ಗಿಡದ ಕೆಳಗಾದರೆ ಚಾಪೆ ಮಾತ್ರ ತಮ್ಮದೇ ತರಬೇಕಾದೀತು.

ಇಂತಿ,
ತಮ್ಮ ಪತ್ರಿಕೆಯ ಓದುಗ,
ಕಲಬುರಗಿ